ಭಾರವಿಲ್ಲದ ಹತ್ತು ನಿಮಿಷ

ಗದಗಿನಲ್ಲಿ ದಿನಾ ಮಧ್ಯಾಹ್ನ ಮೂರರಿಂದ ಹತ್ತು ನಿಮಿಷ ಯಾವುದಕ್ಕೂ ಭಾರ ಇರುತ್ತಿರಲಿಲ್ಲ. ಜನ ಕೊಡಗಳಿಗೆ ಮುಚ್ಚಳ ಬಿಗಿದು, ಹಗ್ಗ ಹಿಡಿದು ಕೂರುತ್ತಿದ್ದರು. ನಿವೃತ್ತ ಹೊಲಿಗೆ ಟೀಚರ್ ಕಸ್ತೂರಿಬಾಯಿ ಮಾತ್ರ ಆ ಹೊತ್ತಿಗಾಗಿಯೇ ಕಾದಿದ್ದರು. ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಕಾರನ್ನು ಮನೆಯ ಶೆಡ್ಡಿನಲ್ಲಿ ಒಬ್ಬರೇ ಜೋಡಿಸಿದ್ದರು. ಎಂಜಿನ್ ಕೂರಿಸುವುದೊಂದೇ ಬಾಕಿ.

ಮೂರು ಹೊಡೆಯಿತು. ಇಬ್ಬರು ಗಂಡಾಳು ಎತ್ತಲಾರದ ಎಂಜಿನ್ನನ್ನು ಅವರು ಕೂಸಿನಂತೆ ಎತ್ತಿ ಅದರ ಜಾಗಕ್ಕೆ ಇಳಿಸಿದರು. ಒಂದು ಬೋಲ್ಟ್ ಬಿಗಿದರು. ಇನ್ನೊಂದು ಕೈಜಾರಿ ಮೇಲಕ್ಕೆ ತೇಲಿತು.

"ರೀ, ಬೋಲ್ಟ್ ಹೊಂಟತ್ರೀ! ನಾ ಕೈ ಬಿಟ್ರ ಎಂಜಿನ್ನೂ ಜಾಗಾ ಬಿಟ್ಟ ಏಳತೈತಿ!"

ಗಂಡ ಚನ್ನಬಸಪ್ಪ ಶೆಡ್ಡಿನ ಕಿಟಕಿಯ ಸರಳು ತಬ್ಬಿ ಕೂತಿದ್ದರು. ಒಮ್ಮೆ ತೊಲೆಗೆ ತಲೆ ಬಡಿದ ಮೇಲೆ ಆ ಹೊತ್ತಿನಲ್ಲಿ ಅವರು ಸರಳು ಬಿಟ್ಟವರೇ ಅಲ್ಲ. ಹೆಂಡತಿಯ ಮುಖ ನೋಡಿದರು, ಕಣ್ಣು ಮುಚ್ಚಿ ಕೈಬಿಟ್ಟರು. ಧೋತರ ಛತ್ರಿಯಂತೆ ಅರಳಿತು. ತೇಲಿ ಹೋಗಿ ಬೋಲ್ಟನ್ನು ಹಿಡಿದೇಬಿಟ್ಟರು.

"ಸಿಕ್ತ್ ನೋಡ, ಕಸ್ತೂರಿ! ಎಷ್ಟ್ ಚಲೋ ಐತಿ ಇಲ್ಲಿ!"

"ಮೊದಲ ಅದನ್ನ ಕೊಡ್ರಿ!"

ತೊಲೆಗೆ ಕಾಲೊತ್ತಿ ಅವರು ಕೆಳಗಿಳಿದು ಬಂದು ಬೋಲ್ಟ್ ಕೊಟ್ಟರು. ಕೊನೆಯ ಸುತ್ತು ಬಿಗಿಯುವಷ್ಟರಲ್ಲಿ ಭಾರ ಮರಳಿತು. ಎಂಜಿನ್ ಅಲುಗಲಿಲ್ಲ.

ಸಂಜೆ ಕಾರು ಎರಡು ಸಲ ಕೆಮ್ಮಿ ಹೊರಟೇಬಿಟ್ಟಿತು. ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು. ಪಕ್ಕದ ಸೀಟಿನಲ್ಲಿದ್ದ ಚನ್ನಬಸಪ್ಪ ಮಾತ್ರ ಸ್ಟೀರಿಂಗ್ ಹಿಡಿದ ಹೆಂಡತಿಯ ಕಡೆ ಬಾಗಿ ಮೆಲ್ಲಗೆ ಹೇಳಿದರು: "ನಾಳೆ ಮೂರಕ್ಕ ನೀನೂ ಕೈ ಖಾಲಿ ಇಟ್ಕೋ. ಇಬ್ರೂ ಕೂಡಿ ಹಾರೂಣು."