ಉಳಿದಿದ್ದ ಒಂದೇ ಕಾರು

ವಿಡಿಯೋ ರೇಸಿನ ಆಟದೊಳಗೆ ಸುಟ್ಟುಹೋದ ಕಾರು ಮತ್ತೆ ಹುಟ್ಟಬಾರದು ಎಂಬ ಕಾನೂನು ಬಂದ ಮೇಲೆ, ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವ ಆ ಬಗೆಯ ರೇಸ್ ಕಾರು ಆಟದ ಲೋಕದಲ್ಲಿ ಒಂದೇ ಉಳಿದಿತ್ತು. ಹೊರಗಿನ ನಿಜವಾದ ಕಾರುಗಳನ್ನು ಎಂದೋ ಕರಗಿಸಿದ್ದರು. ಹುಬ್ಬಳ್ಳಿಯ ಗೇಮಿಂಗ್ ಸೆಂಟರಿನಲ್ಲಿ ಸುನಂದಾ ಮತ್ತು ಮುನೀರ್ ಸರದಿಯ ಮೇಲೆ ಇಡೀ ದಿನ ಅದನ್ನು ಓಡಿಸಿದ್ದರು. ಕಣ್ಣು ಮಂಜಾಗುತ್ತಿದ್ದ ಮುನೀರನಿಗೆ ಅದು ಕೊನೆಯ ರೇಸು.

ಕಡೆಯ ಸುತ್ತಿನಲ್ಲಿ ಸುನಂದಾ ಓಡಿಸುತ್ತಿದ್ದಳು. ಮುಂದೆ ಇದ್ದದ್ದು ಒಂದೇ ಕಾರು. ಅಷ್ಟರಲ್ಲಿ ಬ್ಯಾಟರಿಯ ದೀಪ ಕೆಂಪಾಯಿತು.

"ಇನ್ನೂ ಒತ್ತಿದ್ರ ಸುಟ್ಟು ಹೋಗತೈತಿ, ಮುನೀರಣ್ಣ. ಬಿಟ್ರ ಸೋಲ್ತೀವಿ. ಏನ್ ಮಾಡ್ಲಿ?"

ಮುನೀರ್ ಕೆಂಪು ದೀಪದತ್ತ ಬಾಗಿ ನೋಡಿದ. "ಸ್ಟೀರಿಂಗ್ ನಿನ್ನ ಕೈಯಾಗೈತಿ, ತಂಗಿ."

ಅವಳು ಕಾಲು ಸಡಿಲಿಸಿದಳು. ಎದುರಾಳಿಯ ಕಾರು ಗೆರೆ ದಾಟಿತು. ಮುನೀರ್ ಮುಖ ತಿರುಗಿಸಿಕೊಂಡ. ಸುನಂದಾಳಿಗೆ ಅವನನ್ನು ನೋಡುವ ಧೈರ್ಯವಾಗಲಿಲ್ಲ.

ಕಾರು ಆಟದೊಳಗೆ ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಗ್ಯಾರೇಜಿಗೆ ಮರಳಿತು. ಅವರಿಬ್ಬರೂ ಕುರ್ಚಿ ಬಿಟ್ಟು ಏಳುವ ಮೊದಲೇ ಯಾವುದೋ ಊರಿನವರು ಯಾರೋ ಅದನ್ನು ಆರಿಸಿಕೊಂಡರು. ಎಂಜಿನ್ನಿನ ಸದ್ದು ಸೆಂಟರಿನ ಸ್ಪೀಕರುಗಳಲ್ಲಿ ತುಂಬಿತು. ಮುನೀರ್ ಕಣ್ಣು ಮುಚ್ಚಿ ಕೇಳಿದ.

"ಯಾರೋ ಹೊಸಬರು," ಅಂದ. "ಗೇರ್ ತಡಾ ಮಾಡಿ ಹಾಕ್ತಾರ. ಕಲೀತಾರ ಬಿಡು."