ನಡುಗುವ ಹಲಗೆ

ಗಾಜಿನ ಬಾಗಿಲಾಚೆ ಹೆಂಡತಿ ನಗುತ್ತಿದ್ದಳು. ಕೆಂಪಣ್ಣ ಕಂಬದ ಮರೆಯಲ್ಲಿ ನಿಂತು ಹಲ್ಲು ಕಡಿದ. ನಗರದಂಚಿನ ಚಾಂದ್‌ಖೇಡಾದ ಕ್ವಾರ್ಟರ್ಸಿನಿಂದ ವಸ್ತ್ರಾಪುರದವರೆಗೆ ಆಟೋದಲ್ಲಿ ಅವಳ ಬೆನ್ನು ಹತ್ತಿ ಬಂದಿದ್ದ. ಅನುಮಾನ ಸುಳ್ಳಾಗಲಿ ಎಂದು ದಾರಿಯುದ್ದಕ್ಕೂ ಊರ ದೇವರಿಗೆ ಹರಕೆ ಹೊತ್ತಿದ್ದ.

ಒಳಗೆ ಊಟದ ಮೇಜಿನಷ್ಟು ಉದ್ದದ ಮರದ ಹಲಗೆ. ಆಚೆ ಬದಿಗೆ ನುಣ್ಣನೆ ಕೆನ್ನೆಯ ಯುವಕ. ಈಚೆ ಬದಿಗೆ ಇಂದಿರಾ, ಬರಿಗಾಲಲ್ಲಿ, ಎರಡೂ ಅಂಗೈಗಳನ್ನು ಹಲಗೆಗೆ ಒತ್ತಿಕೊಂಡು. ಅವನು ಗುನುಗಿದರೆ ಹಲಗೆ ಝೇಂಕರಿಸುತ್ತಿತ್ತು. ಇವಳು ಬೆರಳು ಸರಿಸಿದರೆ ಆ ನಾದ ಏರುತ್ತಿತ್ತು, ಇಳಿಯುತ್ತಿತ್ತು. ಮೈಗೆ, ದನಿಗೆ, ಸ್ಪರ್ಶಕ್ಕೆ ನುಡಿಯುವ ವಾದ್ಯಗಳು ಎಂದು ಬಾಗಿಲ ಮೇಲೆ ಬೋರ್ಡು ಬೇರೆ. ವಾದ್ಯವಂತೆ ವಾದ್ಯ!

ದೀಪಾವಳಿ ಕಳೆದಾಗಿನಿಂದ ಅವಳು ಬದಲಾಗಿದ್ದಳು. ಫೋನ್ ಮಾಡಿದರೆ ಎತ್ತಳು. ‘ಕೆಲಸದಲ್ಲಿದ್ದೆ’ ಎಂದು ಮೆಸೇಜು ಬರುತ್ತಿತ್ತು. ಅಕ್ಕಪಕ್ಕದ ಗುಜರಾತಿ ಹೆಂಗಸರ ಜೊತೆ ಹರಟೆ ನಿಂತಿತ್ತು. ಗುಟ್ಟಿರುವವರು ಹಾಗೇ ಅಲ್ಲವೇ? ಬೈದರೆ ಒಂದಕ್ಕೆ ಹತ್ತು ಆಡುತ್ತಿದ್ದವಳು ಈಗ ತುಟಿ ಬಿಚ್ಚುತ್ತಿರಲಿಲ್ಲ. ಕೊನೆಗೂ ಹದಕ್ಕೆ ಬಂದಳು ಎಂದು ಕೆಂಪಣ್ಣ ಆಫೀಸಿನಲ್ಲಿ ಜಂಬ ಕೊಚ್ಚಿದ್ದೂ ಉಂಟು.

ಆಮೇಲೆ ಶುರುವಾಯಿತು ಮೀಸೆಯ ಹಟ. “ರೀ, ತುಟೀನೇ ಕಾಣಲ್ಲ, ಸ್ವಲ್ಪ ಕತ್ತರಿಸ್ರೀ.” ಮದುವೆಯಾದಾಗ ಬೇಕಾಗಿದ್ದ ಮೀಸೆ ಈಗೇಕೆ ಬೇಡವಾಯಿತು? ಉತ್ತರ ಗಾಜಿನಾಚೆ ಬೋಳು ಮುಖ ಹೊತ್ತು ನಿಂತಿತ್ತು.

ಯುವಕ ಫೋನಿನಲ್ಲಿ ಏನೋ ಬರೆದು ಅವಳ ಮುಂದೆ ಹಿಡಿದ. ಅವಳು ಓದಿ ಕಿಲಕಿಲ ನಕ್ಕಳು. ಎದುರಾಬದುರು ನಿಂತೂ ಬಾಯಿಬಿಟ್ಟು ಆಡಲಾಗದ ಮಾತು ಎಂಥದ್ದಿರಬೇಕು!

ಕೆಂಪಣ್ಣ ಬಾಗಿಲು ತಳ್ಳಿ ನುಗ್ಗಿದ. “ಇಂದಿರಾ!”

ಅವಳು ತಿರುಗಲಿಲ್ಲ.

“ಗಂಡ ಬಂದು ನಿಂತವ್ನೆ, ಕತ್ತು ತಿರುಗಿಸೋಕೂ ಆಗಲ್ವೇನೇ? ಅಷ್ಟು ಕೊಬ್ಬಾ?”

ಇಷ್ಟಾದರೂ ಅವಳು ನೆಮ್ಮದಿಯಾಗಿ ಕಣ್ಣು ಮುಚ್ಚಿದಳು. ಇಪ್ಪತ್ತು ವರ್ಷ ಜೊತೆಗೆ ಬಾಳಿದವಳು ತನ್ನನ್ನು ಹೀಗೆ ಹುಲ್ಲುಕಡ್ಡಿಗೂ ಕಡೆಯಾಗಿ ಕಂಡಳಲ್ಲ! ಕೆಂಪಣ್ಣ ಇದ್ದ ಬಲವನ್ನೆಲ್ಲ ಹಾಕಿ ಹಲಗೆಯ ಮೇಲೆ ಗುದ್ದಿದ.

ಇಂದಿರಾ ಬೆಚ್ಚಿಬಿದ್ದು ತಿರುಗಿದಳು. “ಅಯ್ಯೋ, ನೀವಾ! ಯಾವಾಗ ಬಂದ್ರಿ?”

“ನಾಟಕ ಬೇರೆ ಆಡ್ತೀಯಾ?” ಎಂದವನೇ ಯುವಕನ ಕೊರಳಪಟ್ಟಿಗೆ ಕೈ ಹಾಕಿದ. “ಕೌನ್ ಹೈ ರೇ ತೂ?”

“ಮಂಥನ್, ಅಂಕಲ್,” ಯುವಕ ಹಿಂದಿಯಲ್ಲಿ ತಡವರಿಸಿದ. “ಈ ವಾದ್ಯ ಮಾಡಿದವನು. ಕಿವಿ ಕೇಳದವರು ಅಂಗೈಯಲ್ಲೇ ಹಾಡು ಕೇಳಲಿ ಅಂತ ಮಾಡಿದ್ದು. ಆಂಟೀನೇ ಇಲ್ಲಿ ಮೊದಲು ಕಲಿಯೋಕೆ ಬಂದವರು.”

ಕೆಂಪಣ್ಣನ ಕೈ ತಾನಾಗಿ ಜಾರಿತು. ನಾಚಿಕೆ ಒಂದು ಗಳಿಗೆ ಇತ್ತು. ಅದರ ಬೆನ್ನಿಗೇ ಮೊದಲಿನದಕ್ಕಿಂತ ದೊಡ್ಡ ಸಿಟ್ಟು ಬಂತು.

“ಬೀದೀಲಿ ಹೋಗೋನಿಗೆ ಹೇಳಿದ್ದೀಯ. ಕಟ್ಟಿಕೊಂಡ ಗಂಡನಿಗೆ ಹೇಳೋಕೆ ಏನಾಗಿತ್ತೇ ನಿಂಗೆ? ಮೋಸ ಮಾಡಿದೆ ಕಣೇ!”

ಅವಳು ಅವನ ಬಾಯಿಯನ್ನೇ ದಿಟ್ಟಿಸಿದಳು. “ಇನ್ನೊಂದು ಸಲ, ನಿಧಾನಕ್ಕೆ ಹೇಳಿ.”

“ಮೋಸ,” ಎಂದ ಕೆಂಪಣ್ಣ. “ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ದೆ,” ಎಂದಳು ಇಂದಿರಾ. “ಆಸ್ಪತ್ರೆಯಿಂದ ಬಂದ ಸಂಜೆ, ನಿಮ್ಮ ಪಕ್ಕದಲ್ಲೇ ಕೂತು. ಒಂದು ಕಿವಿ ಹೋಗಿದೆ, ಇನ್ನೊಂದೂ ಉಳಿಯಲ್ವಂತೆ ಅಂದೆ. ನೀವು ಟಿವಿಯಿಂದ ಕಣ್ಣು ತೆಗೀದೆ ‘ಸರಿ, ಊಟಕ್ಕಿಕ್ಕು’ ಅಂದ್ರಿ. ಬೆಳಗ್ಗೆ ಏಳೋ ಹೊತ್ತಿಗೆ ಅದೂ ಹೋಗಿತ್ತು.”

ಅವಳು ಚಪ್ಪಲಿ ಮೆಟ್ಟಿಕೊಂಡಳು.

“ನಾನು ಕಿವಿಯಾರೆ ಕೇಳಿದ ನಿಮ್ಮ ಕೊನೇ ಮಾತು ಅದೇ.”