ಬೆವರಬಾರದ ದಿನ

ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದ ಹೊತ್ತಿಗೆ ಮೊಮ್ಮಗ ಬರಿ ಚಡ್ಡಿಯಲ್ಲಿ, ಮೈಗೆಲ್ಲ ಕಂದು ಬಣ್ಣ ಬಳಿದುಕೊಂಡು, ಒಣಹಾಕಿದ ಅಂಗಿಯ ಹಾಗೆ ಎರಡೂ ಕೈ ಚಾಚಿ ಕನ್ನಡಿಯ ಮುಂದೆ ನಿಂತಿದ್ದ. ಸ್ವಲ್ಪ ಹೊತ್ತಿನಲ್ಲೇ ದೇಹದಾರ್ಢ್ಯ ಸ್ಪರ್ಧೆ. ನರಗಳು ಎದ್ದು ಕಾಣಲೆಂದು ಹಿಂದಿನ ದಿನದಿಂದ ಹನಿ ನೀರೂ ಕುಡಿದಿರಲಿಲ್ಲ.

ಸದ್ದಿಗೆ ಓಡಿ ಬಂದು ನೋಡಿದರೆ ಅಜ್ಜಿಯ ಪಾದ ತಿರುಗಬಾರದ ಕಡೆಗೆ ತಿರುಗಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಆಂಬುಲೆನ್ಸಿನವನು ಏದುಸಿರು ಬಿಡುತ್ತ ನಾಲ್ಕನೇ ಮಹಡಿಗೆ ಹತ್ತಿ ಬಂದ. "ಲಿಫ್ಟ್ ಕೆಟ್ಟಿದೆ. ಈ ಮೆಟ್ಟಿಲಲ್ಲಿ ಸ್ಟ್ರೆಚರ್ ತಿರುಗಲ್ಲ. ನನ್ನ ಜೊತೆಯವನು ಬೇರೆ ಇವತ್ತು ಬಂದಿಲ್ಲ. ಇನ್ನೊಬ್ಬನ್ನ ಕರೆಸ್ತೀನಿ, ಹೊತ್ತಾಗುತ್ತೆ." ಕಾಲಿಗೆ ಪಟ್ಟಿ ಕಟ್ಟಿ, ಬೆರಳುಗಳನ್ನು ಮುಟ್ಟಿ ನೋಡಿ ಮುಖ ಸಣ್ಣಗೆ ಮಾಡಿದ. "ಪಾದ ತಣ್ಣಗಾಗ್ತಿದೆಯಲ್ಲ... ರಕ್ತ ಸರಿಯಾಗಿ ಹರೀತಿಲ್ಲ."

"ಕಾಯ್ತೀನಿ ಬಿಡಪ್ಪ" ಎಂದಳು ಅಜ್ಜಿ. "ಪೈಲ್ವಾನ, ನೀನು ಹೊರಡು."

ಬಾಯುಪಚಾರದ ಮಾತಲ್ಲ. ಈ ದಿನಕ್ಕಾಗಿ ಅವನು ಏನೇನು ಬಿಟ್ಟಿದ್ದನೆಂದು ಅವಳು ನೋಡಿದ್ದಳು. ಉಪ್ಪು ಬಿಟ್ಟ, ಸಕ್ಕರೆ ಬಿಟ್ಟ, ಗೆಳೆಯರನ್ನೂ ಬಿಟ್ಟ. ಮೊಟ್ಟೆಯಲ್ಲಿ ಬಿಳಿ ಮಾತ್ರ ತಿಂದು ಹಳದಿಯನ್ನು ಅವಳ ತಟ್ಟೆಗೆ ತಳ್ಳುತ್ತಿದ್ದ. ಅಂಥ ಹಟ ಎಲ್ಲರಿಗೂ ಬರುವುದಿಲ್ಲ. ಆದರೆ ನೀರಿನ ಕ್ಯಾನ್ ಎತ್ತಿಡು ಎಂದರೆ ಒಂದು ಭುಜ ದಪ್ಪವಾಗಿಬಿಡುತ್ತೆ ಎನ್ನುವ ಭೂಪ! "ಈ ತೋಳು ಎತ್ತೋಕೋ, ಬರೀ ನೋಡೋಕೋ?" ಎಂದು ಅವಳು ಕೆಣಕಿದರೆ, "ನೋಡೋಕೇ ಅಜ್ಜಿ" ಎಂದು ತೋಳು ಉಬ್ಬಿಸುತ್ತಿದ್ದ. ಯಾರಾದರೂ ನೋಡುತ್ತಿದ್ದಾರೆ ಎಂದರೆ ಸಾಕು, ಹೊಟ್ಟೆ ತಾನಾಗಿ ಒಳಕ್ಕೆ ಹೋಗುತ್ತಿತ್ತು.

ಫೋನ್ ಬಡಿದುಕೊಂಡಿತು. ಕೋಚ್‌ನ ದನಿ ಮನೆಗೆಲ್ಲ ಕೇಳಿಸಿತು. "ಎಲ್ಲಿದ್ದೀಯೋ? ನೀರು ಮುಟ್ಟಬೇಡ. ಬೆವರಬೇಡ, ಬಣ್ಣ ಇಳಿಯುತ್ತೆ!"

ಮೊಮ್ಮಗ ಫೋನನ್ನು ಮಂಚದ ಮೇಲೆ ಎಸೆದ. ಬಚ್ಚಲ ನಲ್ಲಿ ತಿರುಗಿಸಿ, ಬೊಗಸೆಯೊಡ್ಡಿ ಗಟಗಟ ನೀರು ಕುಡಿದ. ಒಂದು ವರ್ಷದ ವ್ರತ ಗಂಟಲಲ್ಲಿ ಇಳಿದುಹೋಗುವುದನ್ನು ಅಜ್ಜಿ ಕಣ್ಣಾರೆ ಕಂಡಳು. ಆಮೇಲೆ ಬಗ್ಗಿ ಅವಳನ್ನು ಎರಡೂ ತೋಳಲ್ಲಿ ಎತ್ತಿಕೊಂಡ.

"ಬಣ್ಣ ಕಣೋ!"

"ಸುಮ್ನೆ ಕತ್ತು ಹಿಡ್ಕೋ."

ಒಂದು ಮಹಡಿ ಇಳಿಯುವಷ್ಟರಲ್ಲಿ ಅವನ ಬೆವರು ಅವಳ ಕೆನ್ನೆಗೆ ತೊಟ್ಟಿಕ್ಕಿತು. ಇನ್ನೊಂದು ಇಳಿದವನೇ ನಿಂತ. ಗೋಡೆಗೆ ಆನಿಕೊಂಡ, ಹಿಡಿತ ಮಾತ್ರ ಸಡಿಲವಾಗಲಿಲ್ಲ.

"ಏನಜ್ಜಿ ಇಷ್ಟು ಭಾರ?"

"ನೀನು ಬಿಟ್ಟ ಹಳದಿಯೆಲ್ಲ ಎಲ್ಲಿಗೆ ಹೋಯ್ತು ಅನ್ಕೊಂಡೆ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. "ನಗಿಸಬೇಡಿ ಅಮ್ಮ, ಬೀಳಿಸಿಬಿಟ್ಟಾನು!" ಎಂದು ಆಂಬುಲೆನ್ಸಿನವನು ಕೆಳಗಿನಿಂದ ಕೂಗಿದ.

ಆಸ್ಪತ್ರೆಯಲ್ಲಿ ನರ್ಸ್ ಅವಳ ಬಿಳಿ ನೈಟಿ ನೋಡಿ ಬೆರಗಾದಳು. "ಇದೇನಜ್ಜಿ, ಬೆನ್ನ ಮೇಲೆ ಕೈ ಗುರುತು?"

"ನಮ್ಮ ಪೈಲ್ವಾನಂದು. ಒಗೆಯೋಕೆ ಹಾಕಬೇಡಮ್ಮ."

ತಳ್ಳುಮಂಚ ಒಳಗೆ ತಿರುಗುವಾಗ ಅವಳು ಕತ್ತು ಹೊರಳಿಸಿ ನೋಡಿದಳು. ಮೊಮ್ಮಗನ ಮೈಮೇಲೆ ಬಣ್ಣ ಪಟ್ಟೆಪಟ್ಟೆಯಾಗಿ ಇಳಿದಿತ್ತು. ಬರಿ ಚಡ್ಡಿಯಲ್ಲೇ ಕಾರಿಡಾರಿನ ನಟ್ಟನಡುವೆ ನಿಂತು ಅವಳನ್ನೇ ನೋಡುತ್ತಿದ್ದ. ಹೋಗುವವರು ಬರುವವರೆಲ್ಲ ಅವನನ್ನು ತಿರುತಿರುಗಿ ನೋಡುತ್ತಿದ್ದರು. ಅವನಿಗೆ ಹೊಟ್ಟೆ ಒಳಗೆಳೆದುಕೊಳ್ಳುವುದೇ ಮರೆತುಹೋಗಿತ್ತು.